ನಮ್ಮ ಶಾಲೆಗೆ ಎಂಥ ದೂರದರ್ಶಕ ಬೇಕು?

ಹಳೆಯ ವಿದ್ಯಾರ್ಥಿನಿಯರು ಪ್ರೀತಿಯಿಂದ ಕೂಡಿಸಿಕೊಟ್ಟ ಹಣದಲ್ಲಿ ದೂರದರ್ಶಕವೊಂದನ್ನು ಕೊಳ್ಳಬೇಕೆಂದು ನಿಶ್ಚಯವಾದಂದಿನಿಂದ ನಮ್ಮಲ್ಲಿ ಎರಡು ಪಕ್ಷಗಳು ಹುಟ್ಟಿರುವುವು. ೨೦೦ ಮಿಲಿಮೀಟರ್ ದರ್ಪಣವುಳ್ಳ ದೊಡ್ಡದೇ ಬರಲೆಂದು ಕೆಲವರು. ೮೦ ಮಿಲಿಮೀಟರ್ ಮಸೂರದ ಚಿಕ್ಕದು ಸಾಕೆಂದು ಉಳಿದವರು. ನಾವು ಚಿಕ್ಕದರ ಪಕ್ಷದವರು.

ದೊಡ್ಡದರ ಹಿರಿಮೆಯನ್ನು ನಾವು ಅಲ್ಲಗಳೆಯುವುದಿಲ್ಲ. ಬೆಳಕನ್ನು ಹಿಡಿಯುವ ಶಕ್ತಿಯು ವ್ಯಾಸದ ವರ್ಗಕ್ಕನುಸಾರವಾಗಿ ಹೆಚ್ಚುವುದರಿಂದ ಅದು ಚಿಕ್ಕದಕ್ಕಿಂತ ಆರು ಪಟ್ಟಿಗೂ ಮಿಕ್ಕ ಬೆಳಕನ್ನು ಕೂಡಿಸುವುದು. ಮಸುಕಾದ ನೀಹಾರಿಕೆಗಳನ್ನು ನೋಡಬಯಸುವವರಿಗೆ ಅದೇ ಬೇಕು. ಆದರೆ ಪೇಟೆಯ ದೀಪಗಳ ಪ್ರಭೆಯು ನಮ್ಮ ಆಕಾಶವನ್ನು ಬೆಳ್ಳಗೆ ಮಾಡಿರುವಾಗ ಆ ನೀಹಾರಿಕೆಗಳು ದೊಡ್ಡ ದರ್ಪಣಕ್ಕಾದರೂ ಎಷ್ಟು ಕಂಡಾವು? ಚಂದ್ರನ ಕುಳಿಗಳು, ಗುರುವಿನ ನಾಲ್ಕು ಉಪಗ್ರಹಗಳು, ಶನಿಯ ಬಳೆ, ಕೃತ್ತಿಕೆಯ ಗೊಂಚಲು, ಇವೆಲ್ಲವನ್ನೂ ಚಿಕ್ಕದು ಚೆನ್ನಾಗಿಯೇ ತೋರಿಸುವುದು. ೧೬೧೦ರಲ್ಲಿ ಗೆಲಿಲಿಯೋ ಆ ಉಪಗ್ರಹಗಳನ್ನು ಕಂಡ ಯಂತ್ರವು ಇದಕ್ಕಿಂತಲೂ ಬಡವಾದದ್ದು.

ದೊಡ್ಡದರ ತೂಕವು ಪೀಠ ಸಹಿತ ಸುಮಾರು ಇಪ್ಪತ್ತು ಕಿಲೋಗ್ರಾಂ. ಅದನ್ನು ಮಹಡಿಗೆ ಹೊರುವವರಾರು? ಜವಾನನು ಬರಬೇಕು, ಉಪಾಧ್ಯಾಯಿನಿಯು ಬೀಗ ತೆಗೆಯಬೇಕು, ಹುಡುಗಿಯರು ಸಾಲಾಗಿ ನಿಂತು ಅರೆನಿಮಿಷ ಇಣಿಕಿ ಇಳಿಯಬೇಕು. ಮಳೆಗಾಲದಲ್ಲಿ ಅದು ಕಪಾಟಿನಲ್ಲಿಯೇ ಬೂಷ್ಟು ಹಿಡಿಯುವುದು. ನಮ್ಮ ಪ್ರಯೋಗಶಾಲೆಯಲ್ಲಿ ಹೀಗೆ ಗೌರವದಿಂದ ಕೆಟ್ಟ ಉಪಕರಣಗಳು ಈಗಲೇ ಸಾಕಷ್ಟಿವೆ! ಚಿಕ್ಕದನ್ನಾದರೋ ಇಬ್ಬರು ಬಾಲಕಿಯರು ತಾವೇ ಹೊತ್ತು ನಿಲ್ಲಿಸಿ, ತಾವೇ ನಕ್ಷತ್ರವನ್ನು ಹುಡುಕಬಲ್ಲರು. ಹುಡುಕುವುದೇ ವಿದ್ಯೆಯಲ್ಲವೆ?

ವಿಲಿಯಂ ಹರ್ಷೆಲನು ೧೭೮೯ರಲ್ಲಿ ಮುಗಿಸಿದ ನಾಲ್ವತ್ತು ಅಡಿಯ ಮಹಾಯಂತ್ರವು ನಡೆಸಲು ಬಲು ತೊಡಕಾದುದರಿಂದ ಅವನು ಹೆಚ್ಚಾಗಿ ಇಪ್ಪತ್ತು ಅಡಿಯದನ್ನೇ ಬಳಸುತ್ತಿದ್ದನು. ಅವನ ತಂಗಿ ಕ್ಯಾರೊಲೈನಳು ೧೭೮೬ರಲ್ಲಿ, ಅಣ್ಣನು ಜರ್ಮನಿಗೆ ಹೋಗಿದ್ದಾಗ, ಅವನು ಮಾಡಿಕೊಟ್ಟಿದ್ದ ಚಿಕ್ಕ ದೂರದರ್ಶಕದಿಂದ ತನ್ನ ಮೊದಲನೆಯ ಧೂಮಕೇತುವನ್ನು ತಾನೊಬ್ಬಳೇ ಕಂಡಳು. ಆಕೆಯ ಕೈಗೆ ಒಂದು ಯಂತ್ರವಿದ್ದುದೇ ಇಲ್ಲಿ ಮುಖ್ಯವೆಂದು ನಮಗೆ ತೋರುವುದು.

ಉಳಿಯುವ ಹಣದಲ್ಲಿ ಗಟ್ಟಿಯಾದ ಮುಕ್ಕಾಲಿಯೊಂದನ್ನು ತರಿಸಬೇಕು. ನಡುಗುವ ಕಾಲಿನ ಮೇಲೆ ಉತ್ತಮ ಮಸೂರವೂ ವ್ಯರ್ಥ. ಅದಕ್ಕೆ ತಕ್ಕ ಸೌರಶೋಧಕವಿಲ್ಲದೆ ಯಾರೂ ಅದನ್ನು ಸೂರ್ಯನತ್ತ ತಿರುಗಿಸಕೂಡದೆಂಬ ಒಂದು ನಿಯಮವು ಮಾತ್ರ ಕಟ್ಟುನಿಟ್ಟಾಗಿರಲಿ. ಪೆಟ್ಟಿಗೆಯ ಬೀಗದ ಕೈಯು ವಸತಿಗೃಹದ ಒಂಬತ್ತನೆಯ ತರಗತಿಯವರ ವಶದಲ್ಲಿರತಕ್ಕದ್ದೆಂದು ಸಮಿತಿಯವರಿಗೆ ಬರೆದಿರುವೆವು.