ಭಟ್ಟಿಮನೆಯ ಬಾಗಿಲಲ್ಲೇ ಫೋನ್ ಇಡಿ

ಸ್ಕಾಟ್ಲೆಂಡಿನ ವಿಸ್ಕಿ ಡಿಸ್ಟಿಲರಿ ನೋಡಿಬಂದವರು ಹೇಳುವ ಮಾತೊಂದಿದೆ: ‘ಒಳಗೆ ಫೋಟೊ ತೆಗೆಯೋಕೆ ಬಿಡಲ್ಲ, ಗುಟ್ಟು ಹೊರಗೆ ಹೋಗುತ್ತಂತೆ.’ ತಾಮ್ರದ ಭಟ್ಟಿಯ ಆಕಾರದಲ್ಲಿ ಅಂಥ ಗುಟ್ಟೇನಿಲ್ಲ. ನಿಷೇಧದ ಕಾರಣ ಅಲ್ಲಿನ ಗಾಳಿ.

ಗಾಳಿಯಲ್ಲಿ ಮದ್ಯಸಾರದ ಆವಿ ಶೇ 3 ದಾಟಿತೆಂದರೆ ಹೊತ್ತಿಕೊಳ್ಳಲು ಒಂದು ಕಿಡಿ ಸಾಕು. ಬಾರ್ಲಿ ಬೀಸುವ ಕೋಣೆಯ ಹಿಟ್ಟಿನ ದೂಳೂ ಹಾಗೆಯೇ ಸ್ಫೋಟಿಸಬಲ್ಲದು. ಬ್ರಿಟನ್ನಿನಲ್ಲಿ 2002ರ ನಿಯಮಗಳು ಇಂಥ ಜಾಗಗಳನ್ನು ಗುರುತಿಸಿ, ಕಿಡಿಯ ಮೂಲಗಳನ್ನು ದೂರವಿಡುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿವೆ. ಗೆರೆ ಎಲ್ಲಿ ಎಳೆಯಬೇಕೆಂಬುದು ಒಂದೊಂದು ಡಿಸ್ಟಿಲರಿಯಲ್ಲಿ ಒಂದೊಂದು ಥರ. ‘ಅಲ್ಲಿ ಬಿಟ್ಟರು, ಇಲ್ಲೇಕಿಲ್ಲ?’ ಎಂಬ ಜಗಳ ಹುಟ್ಟುವುದು ಇದರಿಂದಲೇ.

ಗೋದಾಮಿನಲ್ಲಿ ಏನಾಗುತ್ತದೆ ನೋಡಿ. ಗೈಡ್ ಪೀಪಾಯಿಯ ಬಿರಡೆ ತೆಗೆದು, ಉದ್ದನೆಯ ಕೊಳವೆ ಇಳಿಸಿ ವಿಸ್ಕಿ ಎತ್ತುತ್ತಾನೆ. ಸುತ್ತ ನಿಂತವರ ಫೋನುಗಳು ಆ ತೂತಿನ ಮೇಲೆಯೇ ಬಾಗುತ್ತವೆ. ಆವಿ ದಟ್ಟವಾಗಿರುವುದೂ ಅಲ್ಲಿಯೇ. ಫೋನಿನಿಂದ ಕಿಡಿ ಹಾರುವ ಸಂಭವ ಕಡಿಮೆ, ನಿಜ. ಕೈಜಾರಿ ಕಲ್ಲುನೆಲಕ್ಕೆ ಬಿದ್ದು ಬ್ಯಾಟರಿ ಒಡೆದರೆ?

1960ರ ಮಾರ್ಚ್ 28ರಂದು ಗ್ಲಾಸ್ಗೋದ ಚೀಪ್‌ಸೈಡ್ ಬೀದಿಯ ವಿಸ್ಕಿ ಗೋದಾಮಿಗೆ ಬೆಂಕಿ ಬಿತ್ತು. ಪೀಪಾಯಿಗಳು ಬಿರಿದು ಹೊಮ್ಮಿದ ಆವಿ ಸ್ಫೋಟಿಸಿ, ಗೋಡೆಗಳು ಬೀದಿಗೆ ಕುಸಿದವು. ಬೆಂಕಿ ಆರಿಸಲು, ಸರಕು ಉಳಿಸಲು ಬಂದಿದ್ದ 19 ಮಂದಿ ಸತ್ತರು. ಅದಕ್ಕೆ ಯಾವ ಕ್ಯಾಮೆರಾವೂ ಕಾರಣವಲ್ಲ. ಆದರೆ ಆ ಆವಿ ಹೊತ್ತಿದ ಮೇಲೆ ಮನುಷ್ಯ ಮಾಡುವುದು ಏನೂ ಉಳಿಯುವುದಿಲ್ಲ.

ಬೆಂಗಳೂರಿನ ಅಮೃತ್ ಡಿಸ್ಟಿಲರಿ ತನ್ನ ಸಿಂಗಲ್ ಮಾಲ್ಟ್ ವಿಸ್ಕಿಯನ್ನು ಮೊದಲು ಬಿಡುಗಡೆ ಮಾಡಿದ್ದು ಅದೇ ಗ್ಲಾಸ್ಗೋದಲ್ಲಿ, 2004ರಲ್ಲಿ. ಈಗ ನಮ್ಮಲ್ಲೂ ಡಿಸ್ಟಿಲರಿ ನೋಡಲು ಹೋಗುವ ಆಸೆ ಬೆಳೆಯುತ್ತಿದೆ. ಇಲ್ಲಿಯೇ ನಮ್ಮ ಆತಂಕ. ಶೇ 60ರಷ್ಟು ಮದ್ಯಸಾರವಿರುವ ವಿಸ್ಕಿ ಹೊತ್ತಿಕೊಳ್ಳುವಷ್ಟು ಆವಿ ಬಿಡಲು ಸುಮಾರು 22 ಡಿಗ್ರಿ ಸೆಲ್ಸಿಯಸ್ ಸಾಕು. ಸ್ಕಾಟ್ಲೆಂಡಿನ ತಣ್ಣನೆಯ ಗೋದಾಮು ವರ್ಷದ ಬಹುಪಾಲು ಅದಕ್ಕಿಂತ ಕೆಳಗಿರುತ್ತದೆ. ಬೆಂಗಳೂರಿನ ಮಧ್ಯಾಹ್ನ ಡಿಸೆಂಬರಿನಲ್ಲೂ ಅದನ್ನು ದಾಟುತ್ತದೆ. ಅವರ ನಿಯಮವನ್ನು ನಕಲು ಮಾಡಿದರೆ ಸಾಲದು, ನಮ್ಮದು ಇನ್ನೂ ಬಿಗಿಯಾಗಿರಬೇಕು.

ಮಾಲೀಕರು ಬಾಗಿಲಲ್ಲೇ ಲಾಕರ್ ಇಡಲಿ, ಫೋಟೊಗೆಂದೇ ಹೊರಗೊಂದು ಜಾಗ ಗುರುತಿಸಲಿ, ನಿಷೇಧದ ಕಾರಣವನ್ನು ಕನ್ನಡದಲ್ಲೂ ಬರೆದು ಹಾಕಲಿ. ನೋಡಲು ಹೋಗುವವರೇ, ಗೈಡ್ ಕೇಳುವ ಮೊದಲೇ ಫೋನ್ ಆಫ್ ಮಾಡಿ ಒಪ್ಪಿಸಿಬಿಡಿ.