ಫಾರ್ವರ್ಡ್ ಮಾಡೋ ಮುಂಚೆ ಒಂದ್ನಿಮಿಷ

ಮನೆಯ ವಾಟ್ಸ್‌ಆ್ಯಪ್ ಗುಂಪಿಗೆ ಬೆಳಗಾಗುವಷ್ಟರಲ್ಲಿ ಗುಡ್ ಮಾರ್ನಿಂಗ್ ಹೂವಿನ ಜೊತೆ ಒಂದಿಷ್ಟು ಎಚ್ಚರಿಕೆಗಳೂ ಬಂದು ಬಿದ್ದಿರುತ್ತವೆ. ‘ಮಕ್ಕಳ ಕಳ್ಳರು ಬಂದಿದ್ದಾರೆ, ಹುಷಾರು, ಎಲ್ಲರಿಗೂ ಕಳಿಸಿ.’ ಕಳಿಸೋರು ದೊಡ್ಡಪ್ಪನೋ ಅತ್ತೆಯೋ ಆಗಿರೋದರಿಂದ ನಾವು ಅನುಮಾನ ಪಡೋದಿಲ್ಲ. ಅತ್ತೆಯ ಮೇಲೆ ನಂಬಿಕೆ ಇರಲಿ. ಆದರೆ ಆ ಮಾತು ಹುಟ್ಟಿದ್ದು ಅತ್ತೆಯಿಂದ ಅಲ್ಲವಲ್ಲ!

2018ರಲ್ಲಿ ಹರಿದಾಡಿದ ಒಂದು ವಿಡಿಯೊ ನಿಮಗೂ ನೆನಪಿರಬಹುದು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ನೋಡಿದ ತಾಯಂದಿರ ಎದೆ ಧಸಕ್ ಎನ್ನದೆ ಇರುತ್ತಾ? ಆದರೆ ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ತಯಾರಿಸಿದ್ದ ಜಾಗೃತಿ ಚಿತ್ರ. ಕೊನೆಯಲ್ಲಿ ಅದೇ ಬೈಕಿನವರು ಮಗುವನ್ನು ವಾಪಸ್ ತಂದು ಬಿಟ್ಟು, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಯಾರೋ ಆ ಕೊನೆಯನ್ನೇ ಕತ್ತರಿಸಿ ಹಂಚಿದ್ದರು.

ಅಂಥ ವದಂತಿಗಳ ನಡುವೆಯೇ ಆ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವಕನ ಜೀವ ಹೋಯಿತು. ಅವನ ಜೊತೆಗಿದ್ದವರು ಮಾಡಿದ್ದಿಷ್ಟೇ: ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದು.

ಅದಾದ ಮೇಲೆ ವಾಟ್ಸ್‌ಆ್ಯಪ್ ನಮ್ಮ ದೇಶದಲ್ಲಿ ಒಂದು ಸಲಕ್ಕೆ 5 ಕಡೆಗೆ ಮಾತ್ರ ಫಾರ್ವರ್ಡ್ ಮಾಡುವ ಮಿತಿ ಹಾಕಿತು. ಮೆಸೇಜಿನ ಮೇಲೆ ಜೋಡಿ ಬಾಣದ ಗುರುತು ಇದ್ದರೆ, ಅದು ಬಹಳ ಕೈ ದಾಟಿ ಬಂದಿದೆ ಅಂತ ಅರ್ಥ. ಬಹಳ ಜನ ಕಳಿಸಿದ್ದಾರೆ ಅಂದ ಮಾತ್ರಕ್ಕೆ ನಿಜ ಅಂತ ಅಲ್ಲ.

ಮತ್ತೇನು ನೋಡಬೇಕು? ಊರು, ದಿನಾಂಕ, ಪೊಲೀಸ್ ಠಾಣೆಯ ಹೆಸರು ಇದೆಯೇ? ‘ನಿನ್ನೆ, ನಮ್ಮ ಏರಿಯಾದಲ್ಲಿ’ ಅಂತಷ್ಟೇ ಇದ್ದರೆ ಅದು ಯಾವ ವರ್ಷಕ್ಕೂ ಯಾವ ಊರಿಗೂ ಹೊಂದುತ್ತದೆ. ವಿಡಿಯೊದ ಒಂದು ದೃಶ್ಯವನ್ನು ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ನಲ್ಲಿ ಹುಡುಕಿ. ಹಳೆಯದಾಗಿದ್ದರೆ ಬಹಳ ಸಲ ಅಲ್ಲೇ ಗೊತ್ತಾಗುತ್ತದೆ. ನಿಜವಾಗಿಯೂ ಭಯವಾದರೆ 112ಕ್ಕೆ ಫೋನ್ ಮಾಡಿ, ಗುಂಪಿಗೆ ಹಾಕಬೇಡಿ.

ಇನ್ನು ದೊಡ್ಡವರಿಗೆ ಹೇಳೋದು ಹೇಗೆ? ಎಲ್ಲರೆದುರು ‘ಸುಳ್ಳು’ ಅಂದರೆ ಅವರಿಗೆ ಬೇಜಾರಾಗುತ್ತೆ. ಪಕ್ಕಕ್ಕೆ ಫೋನ್ ಮಾಡಿ, ‘ಅತ್ತೆ, ಇದು ನಿಮಗೆ ಯಾರು ಕಳಿಸಿದ್ದು?’ ಅಂತ ಕೇಳಿ ನೋಡಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನೋ ಗಾದೆ ನಮಗೆ ಕಲಿಸಿದ್ದು ಅವರೇ ತಾನೆ!