ಬೋರಿನ ಡಬ್ಬಿಯೊಳಗ ರಿಲೇ ಹೆಂಗ ಜೋಡಿಸ್ಯಾರ, ತಗದು ನೋಡ್ರಿ

ರಾತ್ರಿ ಪಾಳಿ ಕರೆಂಟಿಗೆ ಎದ್ದು, ಬ್ಯಾಟರಿ ಹಿಡಕೊಂಡು ಹೊಲಕ್ಕ ಹೋಗೋ ತ್ರಾಸು ನಮಗೆಲ್ಲಾರಿಗೂ ಗೊತ್ತೈತಿ. ಅದಕ್ಕ ಈಗ ತುಳಸಿಗೇರಿ ಸುತ್ತಮುತ್ತ ಐಟಿಐ, ಡಿಪ್ಲೊಮಾ ಓದಿದ ಹುಡುಗರು ಆರ್ಡುಯಿನೊ ಬೋರ್ಡ್ ತಂದು ಮೋಟಾರ್ ಚಾಲೂ-ಬಂದ್ ಮಾಡೋ ಡಬ್ಬಿ ಮನ್ಯಾಗ ಮಾಡಾಕತ್ತಾರ. ಛಲೋ ಕೆಲಸ. ಆದ್ರ ರಿಲೇ ಕಾಯಿಲನ್ನ ನೇರ ಬೋರ್ಡಿನ ಪಿನ್ನಿಗೆ ಹಚ್ಚಿದ ಡಬ್ಬಿ ಹೊಲಕ್ಕ ಬರಬಾರದು ಅನ್ನೂದು ನನ್ನ ಅಭಿಪ್ರಾಯ. “ಟಕ್ ಅಂತಲ್ಲ ಕಾಕಾ, ಇನ್ನೇನು ಬೇಕು?” ಅಂತಾರ. ಟೇಬಲ್ ಮ್ಯಾಲೆ ಒಮ್ಮೊಮ್ಮೆ ಟಕ್ ಅಂತೈತಿ, ಖರೆ. ಹೊಲದಾಗ ಎಷ್ಟು ದಿನ?

ಲೆಕ್ಕ ನೋಡ್ರಿ. ಅಂಗಡ್ಯಾಗ ಸಿಗೋ 5 ವೋಲ್ಟಿನ ನೀಲಿ ರಿಲೇ, ಅದರ ಕಾಯಿಲ್ ಸುಮಾರು 70 ಓಮ್. ಅಂದ್ರ 70 ಮಿಲಿ ಆಂಪಿಯರ್ ಎಳಿತೈತಿ. ಆರ್ಡುಯಿನೊ ಊನೊದ ಒಂದು ಪಿನ್ನಿಗೆ ಹೇಳಿದ್ದು 20. 40 ದಾಟಿದ್ರ ಚಿಪ್ ಕೆಡೂದ. ಎಳಿಗರಕ್ಕ ಕಬ್ಬಿನ ಬಂಡಿ ಹೂಡಿದಂಗಾತು.

ಅದಕ್ಕ ನಡುವ ಟ್ರಾನ್ಸಿಸ್ಟರ್ ಬೇಕು. ಪಿನ್ನಿನಿಂದ 1 ಕಿಲೋ ಓಮ್ ರೆಸಿಸ್ಟರ್ ಮೂಲಕ ಬೇಸ್‌ಗೆ, ಎಮಿಟರ್ ಗ್ರೌಂಡಿಗೆ, ಕಲೆಕ್ಟರ್ ಕಾಯಿಲಿನ ಒಂದು ತುದಿಗೆ, ಕಾಯಿಲಿನ ಇನ್ನೊಂದು ತುದಿ 5 ವೋಲ್ಟ್ ಪ್ಲಸ್ಸಿಗೆ. ಪಿನ್ ಕೊಡೂದು ಬರೇ 4 ಮಿಲಿ ಆಂಪಿಯರ್, ಉಳಿದ ಭಾರ ಟ್ರಾನ್ಸಿಸ್ಟರಿಂದು. ಬಿಸಿ 547 ಹಾಕಿದ್ರ ನಡಿತೈತಿ, ಆದ್ರ ಅದರ ತಾಕತ್ತು 100ಕ್ಕ ಮುಗೀತು. ನಾ ಅಂತೂ 2ಎನ್ 2222 ಹಾಕ್ರಿ ಅಂತೀನಿ.

ಇನ್ನ ಡಯೋಡ್. ತುಂಬಿದ ಪೈಪಲೈನಿನ ವಾಲ್ವ್ ಗಪ್ಪನೆ ಮುಚ್ಚಿದ್ರ ಪೈಪ್ ಹೆಂಗ ಧಡ್ ಅಂತ ಬಡಿತೈತಿ? ಕಾಯಿಲಿನ ಕರೆಂಟ್ ಕಡಿದಾಗೂ ಹಂಗ, ಹೆಚ್ಚಿನ ವೋಲ್ಟೇಜ್ ತಿರುಗಿ ಹೊಡಿತೈತಿ. ಟ್ರಾನ್ಸಿಸ್ಟರ್ ಅದರಾಗ ಹೋಗೂದು. ಕಾಯಿಲಿಗೆ ಅಡ್ಡ ಒಂದು 1ಎನ್ 4007 ಹಾಕಿದ್ರ ಆ ಹೊಡ್ತ ಅಲ್ಲೇ ತಿರುಗಿ ತಣ್ಣಗಾಗತೈತಿ. ಬೆಳ್ಳಿ ಪಟ್ಟಿ ಇದ್ದ ತುದಿ ಪ್ಲಸ್ ಕಡೆ ಇರಬೇಕು. ಉಲ್ಟಾ ಹಾಕಿದ್ರ ರಿಲೇ ಏಳೂದಿಲ್ಲ, ಟ್ರಾನ್ಸಿಸ್ಟರ್ ಸುಡತೈತಿ. ರೂಪಾಯಿ-ಎರಡು ರೂಪಾಯಿ ಸಾಮಾನು, ಅದನ್ನ ಬಿಟ್ಟು ಡಬ್ಬಿಗೆ ಬಣ್ಣ ಹೊಡಿತಾರ.

ನನಗ ಎಲ್ಲಾಕ್ಕಿಂತ ಅಂಜಿಕಿ ಬೇರೆದೈತಿ. ಹೋದ ಕರೆಂಟ್ ಬಂದಾಗ, ಪ್ರೋಗ್ರಾಂ ಚಾಲೂ ಆಗೂತನಕ ಪಿನ್ನಿಗೆ ಲಂಗು-ಲಗಾಮು ಇರೂದಿಲ್ಲ. ಆ ಕ್ಷಣ ರಿಲೇ ತಾನ ಎದ್ದು ಮೋಟಾರ್ ಹತ್ತಿದ್ರ, ಅಲ್ಲಿ ಯಾರರೆ ಕೈ ಹಾಕಿ ನಿಂತಿದ್ರ? ಬೇಸ್‌ನಿಂದ ಗ್ರೌಂಡಿಗೆ 10 ಕಿಲೋ ಓಮ್ ಒಂದು ಹಾಕಿಸ್ರಿ. ಮೇನ್ ಬಂದ್ ಮಾಡದ ಕೈ ಹಾಕೂದಂತೂ ಬ್ಯಾಡ.

ರೆಡಿಮೇಡ್ ರಿಲೇ ಮಾಡ್ಯೂಲಿನೊಳಗ ಟ್ರಾನ್ಸಿಸ್ಟರ್, ಡಯೋಡ್ ಇರ್ತಾವ. ಬಿಡಿ ರಿಲೇ ತಂದು ಜೋಡಿಸೋರಿಗೆ ಈ ಮಾತು. ಆದ್ರ ಇಬ್ಬರೂ ರಿಲೇ ಮ್ಯಾಲಿನ ಬರಹ ಓದ್ರಿ: 10 ಆಂಪಿಯರ್, 250 ವೋಲ್ಟ್. ನಮ್ಮ ತ್ರೀ ಫೇಸ್ ಸ್ಟಾರ್ಟರಿನ ಕಾಯಿಲ್ ಬಾಳ ಕಡೆ 415 ವೋಲ್ಟಿಂದು. ಅಲ್ಲಿ ನಡುವ ತಕ್ಕ ಕಾಂಟ್ಯಾಕ್ಟರ್ ಬೇಕು, ಅದನ್ನ ಲೈಸೆನ್ಸ್ ಇದ್ದ ವೈರ್‌ಮನ್ ಕೈಲೇ ಮಾಡಸ್ರಿ.